ಗಂಟಲ ಮೇಲೆ ಎರಡು ಬೆರಳು

ಇಂಗ್ಲಿಷಿನ ಭೂತಕಾಲಕ್ಕೆ ಬರಹದಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಬಾಲ: ಇ ಮತ್ತು ಡಿ. ಬಾಯಲ್ಲಿ ಅದು ಮೂರಾಗುತ್ತದೆ. ವಾಕ್ ಎಂಬುದಕ್ಕೆ ಅಂಟಿದರೆ ‘ಟ್’, ಪ್ಲೇ ಎಂಬುದಕ್ಕೆ ‘ಡ್’, ವಾಂಟ್ ಎಂಬುದಕ್ಕೆ ‘ಇಡ್’. ಶಿಕಾರಿಪುರ, ಸೊರಬದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಟನೇ ತರಗತಿಗೆ ಬಂದ ಮಗು ಇವನ್ನು ಕಣ್ಣಿಗೆ ಕಂಡಂತೆ ಓದುತ್ತದೆ: ವಾಕೆಡ್, ಪ್ಲೇಯೆಡ್, ಹೆಲ್ಪೆಡ್. ಬರೆದದ್ದನ್ನು ಬರೆದಂತೆಯೇ ಓದಬೇಕೆಂದು ಏಳು ವರ್ಷ ಹೇಳಿಕೊಟ್ಟವರು ನಾವೇ. ಕನ್ನಡದಲ್ಲಿ ಆ ನಂಬಿಕೆ ಕೈಕೊಡುವುದು ಅಪರೂಪ. ಇಂಗ್ಲಿಷಿನಲ್ಲಿ ಸಾಲಿಗೊಮ್ಮೆ ಕೈಕೊಡುತ್ತದೆ.

ಇದನ್ನು ತಿದ್ದುವ ಸುಲಭದ ದಾರಿಯೆಂದರೆ ನೂರು ಕ್ರಿಯಾಪದಗಳ ಪಟ್ಟಿ ಬರೆಸಿ ಉರು ಹೊಡೆಸುವುದು. ಪಳಗಿದ ಇಂಗ್ಲಿಷ್ ಮೇಷ್ಟ್ರುಗಳು ಹಿಡಿಯುವ ದಾರಿ ಬೇರೆ. ಎರಡು ಬೆರಳು ಗಂಟಲ ಮೇಲೆ ಇಟ್ಟುಕೊಳ್ಳಿ ಎನ್ನುತ್ತಾರೆ. ಮೊದಲು ಸ್‌ಸ್‌ಸ್ ಎಂದು ಎಳೆಯಬೇಕು. ಬೆರಳಿಗೆ ಏನೂ ತಿಳಿಯುವುದಿಲ್ಲ. ಆಮೇಲೆ ಜ಼್‌ಜ಼್‌ಜ಼್ ಎಂದು ಎಳೆಯಬೇಕು. ಬೆರಳ ಕೆಳಗೆ ಗಂಟಲು ನಡುಗುತ್ತದೆ. ನಲವತ್ತು ಮಕ್ಕಳು ಒಟ್ಟಿಗೆ ಹೀಗೆ ಮಾಡಿದಾಗ ತರಗತಿಯಲ್ಲಿ ನಗು ಏಳುತ್ತದೆ, ಏಳಲಿ. ಈ ಆಟದಲ್ಲಿ ಒಂದು ಜಾಣತನವಿದೆ, ಮೇಲುನೋಟಕ್ಕೆ ಕಾಣುವುದಿಲ್ಲ. ಕ, ಗಗಳಿಂದ ಶುರು ಮಾಡಿದರೆ ಪ್ರಯೋಗ ಕೆಡುತ್ತದೆ. ಕ ಎಂದ ಕೂಡಲೇ ಅದರ ಬೆನ್ನಿಗೆ ಅ ಬಂದೇ ಬರುತ್ತದೆ. ಸ್ವರ ಬಂದಲ್ಲಿ ಗಂಟಲು ನಡುಗಿಯೇ ತೀರುತ್ತದೆ. ಎಳೆಯಲು ಬರುವ ಸದ್ದುಗಳಲ್ಲಿ ಬೆರಳಿಗೆ ಮೊದಲು ಬುದ್ಧಿ ಬರಬೇಕು, ಕ-ಗಗಳ ಸರದಿ ಆಮೇಲೆ.

ಆಮೇಲೆ ಗೋಡೆಯ ಮೇಲಿನ ವರ್ಣಮಾಲೆಯ ಪಟದ ಮುಂದೆ ನಿಲ್ಲುತ್ತಾರೆ. ಮೊದಲ ಕಂಬದಲ್ಲಿ ಮೇಲಿಂದ ಕೆಳಕ್ಕೆ ಕ ಚ ಟ ತ ಪ. ಮೂರನೆಯ ಕಂಬದಲ್ಲಿ ಗ ಜ ಡ ದ ಬ. ಮೊದಲಿನವು ಗಂಟಲು ನಡುಗದೆ ಹುಟ್ಟುವ ಪರುಷಗಳು, ಮೂರನೆಯವು ನಡುಗಿ ಹುಟ್ಟುವ ಸರಳಗಳು. ಎಂಟನೇ ತರಗತಿಯ ಕನ್ನಡ ವ್ಯಾಕರಣದಲ್ಲಿ ಮಕ್ಕಳು ಸಂಧಿ ಕಲಿಯುವಾಗ ಈ ಎರಡು ಸಾಲುಗಳ ಪರಿಚಯ ಆಗಿರುತ್ತದೆ. ಇನ್ನು ಇಂಗ್ಲಿಷಿನ ನಿಯಮ ಹೇಳಲು ಮೂರು ವಾಕ್ಯ ಸಾಕು. ಕ್ರಿಯಾಪದದ ಕೊನೆಯ ಸದ್ದು ಮೊದಲ ಕಂಬದ್ದಾದರೆ ‘ಟ್’: ವಾಕ್ಟ್, ಹೆಲ್ಪ್ಟ್, ಸ, ಶ, ಫ಼ಗಳೂ ಅದೇ ಪಕ್ಷ. ಮೂರನೆಯ ಕಂಬದ್ದಾದರೆ, ಅಥವಾ ಸ್ವರವೋ ಲ, ನ, ಮಗಳೋ ಆದರೆ ‘ಡ್’: ಬೆಗ್ಡ್, ರಬ್ಡ್, ಕಾಲ್ಡ್, ಪ್ಲೇಡ್. ಪದವೇ ಟ, ಡಗಳಲ್ಲಿ ಮುಗಿದಿದ್ದರೆ ಟಕ್ಕೆ ಟ ತಾಗಿ ಬಾಯಿ ಕಟ್ಟಿಕೊಳ್ಳುತ್ತದೆ, ಆಗ ನಡುವೆ ಒಂದು ಇ ಬಂದು ಬಿಡಿಸುತ್ತದೆ: ವಾಂಟಿಡ್, ನೀಡಿಡ್. ಲಾಫ್ ಎಂಬ ಪದ ಬರಹದಲ್ಲಿ ಜಿ, ಎಚ್ ಅಕ್ಷರಗಳಲ್ಲಿ ಮುಗಿದರೂ ಕಿವಿಗೆ ಫ಼, ಹಾಗಾಗಿ ಲಾಫ್ಟ್. ಕಣ್ಣನ್ನು ನಂಬಬೇಡ, ಕಿವಿಯನ್ನು ನಂಬು ಎಂಬ ಪಾಠ ಅಲ್ಲಿಗೆ ತಾನಾಗಿ ಇಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಕೈ ಎತ್ತಿ ‘ಯಾಕ್ ಸರ್ ಹಿಂಗೆ?’ ಎಂದು ಕೇಳುವ ಮಗು ಇದ್ದೇ ಇರುತ್ತದೆ. ಉತ್ತರ ಆದೇಶ ಸಂಧಿಯಲ್ಲಿದೆ. ಮಳೆ ಮತ್ತು ಕಾಲ ಕೂಡಿದರೆ ಮಳೆಗಾಲ. ಬೆಟ್ಟ, ತಾವರೆ ಕೂಡಿದರೆ ಬೆಟ್ಟದಾವರೆ. ಗಂಟಲು ನಡುಗುವ ಸದ್ದುಗಳ ನಡುವೆ ಸಿಕ್ಕಿಕೊಂಡ ಕ, ತಗಳು ತಾವೂ ನಡುಗಿ ಗ, ದ ಆಗುತ್ತವೆ. ಇಂಗ್ಲಿಷಿನಲ್ಲಿ ಡ ಎಂಬುದು ಕಕಾರದ ಪಕ್ಕ ಬಂದು ನಡುಗುವುದನ್ನು ಬಿಡುತ್ತದೆ. ದಿಕ್ಕು ತಿರುವುಮುರುವು, ಕಾರಣ ಒಂದೇ: ನೆರೆಯವರ ಜೊತೆ ಹೊಂದಿಕೊಳ್ಳುವುದು ಬಾಯಿಗೆ ಸುಲಭ. ಕನ್ನಡ ಪೀರಿಯಡ್ಡಿನಲ್ಲಿ ಸತ್ತಂತೆ ಬಿದ್ದಿದ್ದ ಆದೇಶ ಸಂಧಿ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಎದ್ದು ಕೂರುವುದನ್ನು ನೋಡಬೇಕು.

ಈ ಕಸುಬಿನ ಗುಟ್ಟು ನನಗೆ ಕಂಡಂತೆ ಇಲ್ಲಿದೆ. ಇಂಗ್ಲಿಷ್ ಅಭ್ಯಾಸ ಮಾಡಿಸುವವರಿಗೆ ಇಂಗ್ಲಿಷ್ ಎಷ್ಟು ಗೊತ್ತಿರಬೇಕೋ ಮಗುವಿನ ಕನ್ನಡವೂ ಅಷ್ಟೇ ಗೊತ್ತಿರಬೇಕು. ತಪ್ಪು ಎಲ್ಲಿಂದ ಹೊರಟು ಬಂತು ಎಂದು ಪತ್ತೆಯಾದರೆ ತಿದ್ದುವ ಕೆಲಸ ಅರ್ಧ ಮುಗಿದಂತೆ.

ವರ್ಣಮಾಲೆಯ ಪಟ ನಾವು ಅಂದುಕೊಂಡದ್ದಕ್ಕಿಂತ ದೊಡ್ಡ ಉಪಕರಣ. ಇಂಗ್ಲಿಷಿನ ಎಬಿಸಿಡಿಯಲ್ಲಿ ಎ ಆದ ಮೇಲೆ ಬಿ ಯಾಕೆ ಬರುತ್ತದೆ ಎಂಬುದಕ್ಕೆ ಬಾಯಿಯಲ್ಲಿ ಕಾರಣ ಸಿಗುವುದಿಲ್ಲ. ನಮ್ಮಲ್ಲಿ ಕವರ್ಗ ನಾಲಗೆಯ ಹಿಂಭಾಗದಲ್ಲಿ ಹುಟ್ಟಿ, ಚ, ಟ, ತ ಎಂದು ಮುಂದೆ ಮುಂದೆ ಬಂದು, ಪವರ್ಗಕ್ಕೆ ತುಟಿ ತಲುಪುತ್ತದೆ. ನಿಘಂಟುಗಳು ಇಂದು ಬಳಸುವ ಅಂತಾರಾಷ್ಟ್ರೀಯ ಧ್ವನಿಲಿಪಿಯನ್ನು ರೂಪಿಸಿದ ಸಂಘ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದು 1886ರಲ್ಲಿ. ಅವರ ಕೋಷ್ಟಕದ ಅಡ್ಡಸಾಲು ಉಚ್ಚಾರಣೆಯ ಜಾಗವನ್ನೇ ಅನುಸರಿಸುತ್ತದೆ, ತುಟಿಯಿಂದ ಗಂಟಲಿಗೆ. ನಮ್ಮ ಒಂದನೇ ತರಗತಿಯ ಮಗು ಅದೇ ದಾರಿಯನ್ನು ಗಂಟಲಿಂದ ತುಟಿಗೆ ಹಾಡಿಕೊಂಡು ಬಂದಿರುತ್ತದೆ.

ಪಟದಲ್ಲಿ ಇಲ್ಲದ ಸದ್ದುಗಳಿಗೆ ಬೇರೆ ಉಪಾಯ ಬೇಕು. ಇಂಗ್ಲಿಷಿನ ಟ ನಮ್ಮ ಟವೂ ಅಲ್ಲ, ತವೂ ಅಲ್ಲ. ಲ ಎನ್ನುವಾಗ ನಾಲಗೆಯ ತುದಿ ಮೇಲೆ ಎಲ್ಲಿ ತಾಗುತ್ತದೆಯೋ ಅಲ್ಲೇ ಒತ್ತಿ ಬಿಟ್ಟರೆ ಅದು ಬರುತ್ತದೆ. ಪಿನ್ ಎಂಬಲ್ಲಿ ಪಕಾರದ ಜೊತೆ ಉಸಿರು ಹೊರಟು ಮಹಾಪ್ರಾಣದ ಛಾಯೆ ಬರುತ್ತದೆ, ಸ್ಪಿನ್ ಎಂಬಲ್ಲಿ ಬರುವುದಿಲ್ಲ. ತುಟಿಯ ಮುಂದೆ ನೋಟುಬುಕ್ಕಿನ ಚೂರು ಕಾಗದ ಹಿಡಿದರೆ ಮೊದಲನೆಯದಕ್ಕೆ ಅದು ಅಲುಗುತ್ತದೆ. ಇವೆಲ್ಲ ಚೆಂದದ ಪ್ರಯೋಗಗಳು. ಆದರೆ ಒಂದು ಪೀರಿಯಡ್ಡಿಗಿಂತ ಹೆಚ್ಚು ಇವಕ್ಕೆ ಕೊಡಬಾರದು ಎಂದೇ ನನ್ನ ಎಣಿಕೆ. ಕನ್ನಡದ ಟ ಹಾಕಿ ಇಂಗ್ಲಿಷ್ ಆಡಿದವರನ್ನು ಜಗತ್ತಿನಲ್ಲಿ ಯಾರೂ ಅರ್ಥವಾಗಲಿಲ್ಲವೆಂದು ವಾಪಸ್ ಕಳಿಸಿಲ್ಲ. ಲಂಡನ್ನಿನವರ ಹಾಗೆ ಕೇಳಿಸುವ ಚಪಲಕ್ಕೆ ಶಾಲೆಯ ಹೊತ್ತು ಖರ್ಚಾಗಬೇಕಿಲ್ಲ.

ಹೊತ್ತು ಕೊಡಬೇಕಾದವು ಅರ್ಥವನ್ನೇ ಅದಲುಬದಲು ಮಾಡುವ ಸದ್ದುಗಳು. ಹಳ್ಳಿಮಾತಿನಲ್ಲಿ ಶ ಮತ್ತು ಸ ಒಂದಾಗಿರುವ ಮನೆಯಿಂದ ಬಂದ ಮಗುವಿಗೆ ಶಿಪ್ಪೂ ಸಿಪ್ಪೂ ಒಂದೇ. ಇಂಥ ಜೋಡಿಗಳನ್ನು ಹತ್ತು ಬರೆದು, ಮೇಷ್ಟ್ರು ಬೆನ್ನು ತಿರುಗಿಸಿ ನಿಂತು, ಒಬ್ಬೊಬ್ಬರು ಹೇಳಿದ್ದು ಜೋಡಿಯಲ್ಲಿ ಯಾವುದೆಂದು ತಾವೇ ಗುರುತಿಸುವ ಆಟವಿದೆ. ಮೇಷ್ಟ್ರು ತಪ್ಪು ಗುರುತಿಸಿದರೆ ಹೇಳಿದವರು ಮತ್ತೆ ಹೇಳಬೇಕು. ಇಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಕೇಳಿದವರಿಗೆ ಅರ್ಥವಾಯಿತೋ ಇಲ್ಲವೋ ಎಂಬುದೇ ತೀರ್ಪು. ವ ವಿಷಯದಲ್ಲಿ ಇನ್ನೂ ತಮಾಷೆ. ಪಶ್ಚಿಮ ದಿಕ್ಕೂ ಒಳಅಂಗಿಯೂ ಕನ್ನಡದಲ್ಲಿ ಬರೆದರೆ ಎರಡೂ ವೆಸ್ಟ್. ಒಂದಕ್ಕೆ ತುಟಿ ದುಂಡಗಾಗಬೇಕು, ಇನ್ನೊಂದಕ್ಕೆ ಕೆಳತುಟಿಗೆ ಮೇಲಿನ ಹಲ್ಲು ತಾಗಬೇಕು. ನಮ್ಮ ವ ಇವೆರಡರ ನಡುವೆ ಎಲ್ಲೋ ಆರಾಮಾಗಿ ಕೂತಿದೆ. ಇನ್ನು ಎಗ್ ಎನ್ನಲು ಹೋದರೆ ಯೆಗ್, ಓನ್ಲಿ ಎನ್ನಲು ಹೋದರೆ ವೋನ್ಲಿ, ಸ್ಕೂಲಿನ ಮುಂದೆ ಒಂದು ಇ ಬಂದು ಇಸ್ಕೂಲು. ಇವೂ ಸೋಮಾರಿತನದ ತಪ್ಪುಗಳಲ್ಲ. ಪದದ ಆರಂಭದ ಎ, ಒಗಳಿಗೆ ಯ, ವ ಸೇರಿಸಿಯೇ ಆಡುವುದು, ಜೋಡಿ ವ್ಯಂಜನಕ್ಕೆ ಮೆಟ್ಟಿಲಿಟ್ಟು ಹತ್ತುವುದು ಆಡುಗನ್ನಡದ ರೂಢಿ. ಆ ರೂಢಿಯನ್ನು ಮಗುವಿನ ಮುಂದೆ ಬಿಚ್ಚಿಟ್ಟರೆ ಅದು ತನ್ನ ಬಾಯನ್ನು ತಾನೇ ಗಮನಿಸಲು ಶುರು ಮಾಡುತ್ತದೆ.

ಜ಼, ಫ಼ಗಳಿಗೆ ನಮ್ಮ ಲಿಪಿಯಲ್ಲಿ ಅಕ್ಷರದ ಕೆಳಗೆ ಎರಡು ಚುಕ್ಕಿ ಇಟ್ಟು ಗುರುತು ಮಾಡುತ್ತೇವೆ, ಬಾಯಲ್ಲಿ ಮಾತ್ರ ಅವು ಜ, ಪಗಳಾಗಿ ಹೊರಡುತ್ತವೆ. ಆದರೆ ಶಿರಾಳಕೊಪ್ಪದ ಸುತ್ತಿನ ತರಗತಿಗಳಲ್ಲಿ ಮನೆಯಲ್ಲಿ ಉರ್ದು ಆಡುವ ಮಕ್ಕಳು ಬೆಂಚು ಬೆಂಚಿಗೂ ಇರುತ್ತಾರೆ. ಜ಼ಮೀನು, ಫ಼ರಕು ಎಂದು ದಿನವೂ ಆಡುವ ಅವರಿಗೆ ಜ಼ೀರೋ, ಫ಼ೈವ್ ಏನೂ ಕಷ್ಟವಲ್ಲ. ಅಲ್ಲಿ ಮೇಷ್ಟ್ರ ಕೆಲಸ ಇನ್ನೂ ಹಗುರ. ಆ ಮಕ್ಕಳನ್ನೇ ಎದ್ದು ನಿಲ್ಲಿಸಿ, ಉಳಿದವರಿಗೆ ಅವರ ಬಾಯಿ ನೋಡಿ ಕಲಿಯಿರಿ ಎಂದರಾಯಿತು.

ಈ ನೆಲದ ವಿಷಯ ಒಂದಿಷ್ಟು ಹೇಳಬೇಕು. ಸೊರಬ, ಶಿಕಾರಿಪುರಗಳು ಅರೆಮಲೆನಾಡು. ಭತ್ತ, ಅಡಿಕೆ, ಮೆಕ್ಕೆಜೋಳದ ಊರುಗಳು. ತರಗತಿಯಲ್ಲಿ ಕನ್ನಡದ ಜೊತೆ ಉರ್ದು ಇದೆ, ತಾಂಡಾಗಳಿಂದ ಬರುವ ಮಕ್ಕಳ ಲಂಬಾಣಿ ಇದೆ. ಅವರಿಗೆ ಕನ್ನಡವೇ ಕಲಿತ ಭಾಷೆ, ಇಂಗ್ಲಿಷ್ ಅದರ ಮೇಲಿನ ಇನ್ನೊಂದು ಮೆಟ್ಟಿಲು. ಸರ್ಕಾರಿ ಕನ್ನಡ ಶಾಲೆಗಳಲ್ಲಿ ಹಿಂದೆ ಐದನೇ ತರಗತಿಯಿಂದ ಶುರುವಾಗುತ್ತಿದ್ದ ಇಂಗ್ಲಿಷ್ 2007-08ರಿಂದ ಒಂದನೇ ತರಗತಿಗೇ ಬಂತು. 2019-20ರಲ್ಲಿ ಆಯ್ದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ತೆರೆದವು. ಈ ನಿರ್ಧಾರಗಳ ಸುತ್ತ ನಡೆದ ಜಗಳ ಎಲ್ಲರಿಗೂ ಗೊತ್ತು. ಇಲ್ಲಿ ಅದನ್ನು ಕೆದಕುವುದಿಲ್ಲ. 1981ರಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದು ವರದಿ ಕೊಟ್ಟ ಸಮಿತಿಯ ಅಧ್ಯಕ್ಷ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್‌ನ ನಿರ್ದೇಶಕರಾಗಿದ್ದವರು ಎಂಬುದನ್ನು ಮಾತ್ರ ನೆನೆದರೆ ಸಾಕು. ಇದೇ ಜಿಲ್ಲೆಯ ಅನಂತಮೂರ್ತಿ, ಲಂಕೇಶ್ ಇಬ್ಬರೂ ಇಂಗ್ಲಿಷ್ ಮೇಷ್ಟ್ರುಗಳೇ.

ವ್ಯಾಕರಣ ಕಲಿಸುವುದು ಇಲ್ಲಿಗೆ ಹೊಸ ಕಸುಬೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವಿತ್ತು. 1162ರ ಶಾಸನ ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂದು ಪಟ್ಟಿ ಕೊಡುತ್ತದೆ. ವೇದಪಾಠ, ದರ್ಶನಗಳ ಜೊತೆಗೆ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳ ವ್ಯಾಖ್ಯಾನವೂ ಅಲ್ಲಿತ್ತು. ಬಡವರಿಗೆ ಅನ್ನ, ರೋಗಿಗಳಿಗೆ ಚಿಕಿತ್ಸೆಯೂ ಇತ್ತು. ಒಂದೇ ಸೂರಿನಡಿ ಒಂದಕ್ಕಿಂತ ಹೆಚ್ಚು ವ್ಯಾಕರಣ ಪರಂಪರೆಗಳು ಎಂಬ ಮಾತನ್ನು ಗಮನಿಸಬೇಕು. ಒಂದು ವ್ಯಾಕರಣದ ಪಕ್ಕ ಇನ್ನೊಂದನ್ನು ಇಟ್ಟು ನೋಡುವವರಿಗೆ ಎರಡೂ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ. ಕನ್ನಡದ ಪಕ್ಕ ಇಂಗ್ಲಿಷ್ ಇಡುವ ಹೈಸ್ಕೂಲು ಮೇಷ್ಟ್ರು ಮಾಡುವುದೂ ಅದನ್ನೇ, ಬೋರ್ಡಿನ ನಡುವೆ ಒಂದು ಗೆರೆ ಎಳೆದು.

ಆ ಗೆರೆಯ ಎಡಬಲಗಳಲ್ಲಿ ಏನು ನಡೆಯುತ್ತದೆ ನೋಡಿ. ‘ಡಿಡ್ ನಾಟ್ ವೆಂಟ್’ ಎಂಬ ತಪ್ಪು ಇಲ್ಲದ ನೋಟುಬುಕ್ಕು ಎರಡು ತಾಲ್ಲೂಕಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹೋಗಿದ್ದು ನಿನ್ನೆ, ಹಾಗಾಗಿ ವೆಂಟ್, ಇಲ್ಲ ಎನ್ನಬೇಕು, ಹಾಗಾಗಿ ಡಿಡ್ ನಾಟ್, ಎರಡನ್ನೂ ಕೂಡಿಸು. ತರ್ಕ ಸರಿಯಾಗಿಯೇ ಇದೆ. ಇದನ್ನು ಬಿಡಿಸುವ ಸಂಭಾಷಣೆ ಹೀಗೆ ನಡೆಯುತ್ತದೆ.

‘ಅಕ್ಕ ಸಂತೆಗೆ ಹೋದ್ಲು. ಇದನ್ನ ಇಲ್ಲ ಅಂತ ಹೇಳು.’

‘ಹೋಗ್ಲಿಲ್ಲ ಸರ್.’

‘ಹೋದ್ಲಿಲ್ಲ ಅಂತ ಯಾಕೆ ಹೇಳ್ಲಿಲ್ಲ?’

‘ಹಂಗೆ ಯಾರೂ ಅನ್ನಲ್ಲ ಸರ್.’

‘ಇಂಗ್ಲಿಷ್‌ನೋರೂ ಅನ್ನಲ್ಲ ಕಣೋ.’

ಹೋದಳು ಎಂಬಲ್ಲಿದ್ದ ಭೂತಕಾಲ ಹೋಗಲಿಲ್ಲ ಎಂಬಲ್ಲಿ ಹೋಗು ಎಂಬ ಧಾತುವನ್ನು ಬಿಟ್ಟು ಕೊನೆಯ ಭಾಗಕ್ಕೆ ಸರಿದಿದೆ. ಧಾತು ಬರಿಗೈಯಲ್ಲಿ ನಿಂತಿದೆ. ವೆಂಟ್ ಎಂಬುದು ಗೋ ಆಗಿ ನಿಲ್ಲಬೇಕಾದದ್ದೂ ಅದಕ್ಕೇ. ಕಾಲವನ್ನು ಡಿಡ್ ಹೊತ್ತಾಗಿದೆ, ಇಬ್ಬರು ಹೊರಬೇಕಿಲ್ಲ. ಈ ಒಂದು ಹೋಲಿಕೆ ಹತ್ತು ಸಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಎಲ್ಲ ಕಡೆ ಕನ್ನಡ ಹೀಗೆ ಕೈ ಹಿಡಿಯುವುದಿಲ್ಲ, ಕೆಲವೆಡೆ ಕಾಲು ಎಳೆಯುತ್ತದೆ. ಬರುತ್ತೇನೆ, ಬರುತ್ತೀಯ, ಬರುತ್ತಾನೆ, ಬರುತ್ತಾಳೆ, ಬರುತ್ತದೆ, ಬರುತ್ತೇವೆ, ಬರುತ್ತೀರಿ, ಬರುತ್ತಾರೆ, ಬರುತ್ತವೆ: ಒಂಬತ್ತು ರೂಪಗಳನ್ನು ಮೂರು ವರ್ಷದ ಕೂಸು ತಡವರಿಸದೆ ಆಡುತ್ತದೆ. ಇಂಗ್ಲಿಷಿನಲ್ಲಿ ಇರುವುದು ಕಮ್, ಕಮ್ಸ್ ಎಂಬ ಎರಡೇ, ಆ ಎರಡರಲ್ಲೂ ತಪ್ಪು! ಒಂಬತ್ತರ ಶ್ರೀಮಂತಿಕೆಯಲ್ಲಿ ಬೆಳೆದವರಿಗೆ ಒಂ‌ದೇ ಒಂದು ಎಸ್ ಲೆಕ್ಕಕ್ಕೆ ಸಿಗುವುದಿಲ್ಲ. ಕ್ರಿಯಾಪದದಲ್ಲೇ ಕರ್ತೃ ಅಡಗಿರುವ ಕಾರಣ ನಾವು ಬಂದೆ ಎಂದಷ್ಟೇ ಅಂದು ಮುಗಿಸುತ್ತೇವೆ. ಇಂಗ್ಲಿಷಿಗೆ ಎದುರಿಗೆ ಒಬ್ಬ ಕರ್ತೃ ಬೇಕೇ ಬೇಕು. ಯಾರೂ ಇಲ್ಲದಿದ್ದರೆ ಇಟ್ ಎಂಬ ಖಾಲಿ ಕುರ್ಚಿಯನ್ನಾದರೂ ಇಡಬೇಕು. ಜುಲೈಯಲ್ಲಿ ಸೊರಬದ ತರಗತಿಯ ಹಂಚಿನ ಮೇಲೆ ಮಳೆ ಸುರಿಯುತ್ತಿರುವಾಗ ‘ಇಟ್ ಈಸ್ ರೇನಿಂಗ್’ ಎಂಬುದರಲ್ಲಿ ಈ ಇಟ್ ಯಾರು ಎಂದು ಕೇಳಿದರೆ, ಮಳೆ ಸರ್, ಮೋಡ ಸರ್, ದೇವರು ಸರ್ ಎಂದು ಉತ್ತರಗಳು ಬರುತ್ತವೆ. ಯಾರೂ ಅಲ್ಲ ಎಂದು ಒಪ್ಪಿಸಲು ಆ ಪೀರಿಯಡ್ಡು ಮುಗಿಯುತ್ತದೆ.

ವಿಭಕ್ತಿಗಳ ಕಡೆ ಬಂದರೆ ನನಗೆ ಬಹಳ ಇಷ್ಟವಾದ ಅಭ್ಯಾಸವೊಂದಿದೆ. ಬೋರ್ಡಿನ ನಡುವೆ ‘ಇಂದ’ ಎಂದು ಬರೆಯುವುದು. ಸೊರಬದಿಂದ ಬಂದೆ, ಚಾಕುವಿನಿಂದ ಕೊಯ್ದೆ, ಬೆಳಿಗ್ಗೆಯಿಂದ ಕಾದೆ, ಎರಡು ದಿನದಿಂದ ಜ್ವರ, ಮಳೆಯಿಂದ ಬಸ್ಸು ತಡವಾಯಿತು, ಅಣ್ಣನಿಂದ ಕೆಲಸವಾಯಿತು. ಮಕ್ಕಳು ಒಂದೊಂದಕ್ಕೂ ಇಂಗ್ಲಿಷ್ ಹುಡುಕಬೇಕು: ಫ಼್ರಮ್, ವಿತ್, ಸಿನ್ಸ್, ಫ಼ಾರ್, ಬಿಕಾಸ್ ಆಫ್, ಬೈ. ನಮ್ಮ ಒಂದು ಪ್ರತ್ಯಯ ಅವರಲ್ಲಿ ಆರು ಬಾಗಿಲು. ‘ಸಿನ್ಸ್ ಟು ಡೇಸ್’ ಎಂಬ ಪ್ರಸಿದ್ಧ ತಪ್ಪು ಬೆಳಿಗ್ಗೆಯಿಂದ ಮತ್ತು ಎರಡು ದಿನದಿಂದ ಎಂಬ ಎರಡಕ್ಕೂ ನಾವು ಒಂದೇ ಇಂದ ಹಾಕುವುದರಿಂದ ಹುಟ್ಟಿದ್ದು. ಶುರುವಾದ ಹೊತ್ತನ್ನು ಹೇಳಿದರೆ ಸಿನ್ಸ್, ಕಳೆದ ಹೊತ್ತನ್ನು ಎಣಿಸಿದರೆ ಫ಼ಾರ್. ಇನ್ನು ‘ನನಗೆ’ ಎಂದು ಶುರುವಾಗುವ ವಾಕ್ಯಗಳು. ನನಗೆ ಗೊತ್ತು, ನನಗೆ ಹಸಿವು, ನನಗೆ ಬಸ್ಸು ಸಿಕ್ಕಿತು. ಚತುರ್ಥಿಯಲ್ಲಿ ಕೂತ ಈ ಅನುಭವಸ್ಥನನ್ನು ಇಂಗ್ಲಿಷ್ ಎಬ್ಬಿಸಿ ಐ ಎಂದು ಮುಂದೆ ನಿಲ್ಲಿಸುತ್ತದೆ. ಇದು ತಿಳಿಯದ ತನಕ ‘ಟು ಮಿ’ ಎಂಬ ವಾಕ್ಯಾರಂಭ ನಿಲ್ಲುವುದಿಲ್ಲ.

ಪದರೂಪಗಳ ಅಭ್ಯಾಸ ಇವೆಲ್ಲಕ್ಕಿಂತ ಹೆಚ್ಚು ಸಂತೋಷದ್ದು. ಸೊರಬ, ಸಾಗರದ ಕಡೆ ಗಂಧದ ಕೆತ್ತನೆಯ ಗುಡಿಗಾರರು ತಲೆಮಾರುಗಳಿಂದ ಇದ್ದಾರೆ. ಆ ಕಸುಬಿನಿಂದಲೇ ಒಂದು ಪದವಂಶ ಬರೆಸಬಹುದು: ಕಾರ್ವ್ ಕೆತ್ತು, ಕಾರ್ವರ್ ಕೆತ್ತುವವನು, ಕಾರ್ವಿಂಗ್ ಕೆತ್ತನೆ, ಕಾರ್ವ್ಡ್ ಕೆತ್ತಿದ. ತೋಟದಿಂದ ಇನ್ನೊಂದು: ಗ್ರೋ, ಗ್ರೋವರ್, ಗ್ರೋತ್, ಗ್ರೋನ್, ಪಕ್ಕದಲ್ಲೇ ಬೆಳೆ, ಬೆಳೆಗಾರ, ಬೆಳವಣಿಗೆ, ಬೆಳೆದ. ಕೂಡಲೇ ಒಂದು ಸಂಗತಿ ಹೊರಬೀಳುತ್ತದೆ. ಅಡಿಕೆ ಬೆಳೆಯುತ್ತದೆ, ಅಪ್ಪ ಅಡಿಕೆ ಬೆಳೆಸುತ್ತಾನೆ ಎಂದು ನಾವು ಇಸು ಸೇರಿಸಿ ಬೇರೆ ಮಾಡುವುದನ್ನು ಇಂಗ್ಲಿಷ್ ಒಂದೇ ಗ್ರೋದಲ್ಲಿ ಮುಗಿಸುತ್ತದೆ. ಸುಂದರವಾದ, ಸುಂದರವಾಗಿ, ನಿಧಾನವಾದ, ನಿಧಾನವಾಗಿ. ನಮ್ಮ ‘ಆಗಿ’ ಇದ್ದಲ್ಲಿ ಅವರ ‘ಲಿ’: ಬ್ಯೂಟಿಫುಲ್ಲಿ, ಸ್ಲೋಲಿ. ಹಾಗೆಂದು ಹಾರ್ಡ್ ಎಂಬುದಕ್ಕೆ ಲಿ ಹಚ್ಚಿ, ಕಷ್ಟಪಟ್ಟು ಓದಿದೆ ಎಂದು ಹೇಳಲು ಹೋದರೆ ಓದಿದ್ದೇ ಇಲ್ಲ ಎಂಬಂತಾಗುತ್ತದೆ. ಬಡತನ, ಕಳ್ಳತನ, ಒಳ್ಳೆಯತನ, ಹುಡುಗತನ ಎಂದು ನಮಗೆ ಒಂದೇ ‘ತನ’ ಸಾಕು. ಪಾವರ್ಟಿ, ಥೆಫ್ಟ್, ಗುಡ್‌ನೆಸ್, ಬಾಯ್‌ಹುಡ್ ಎಂದು ಇಂಗ್ಲಿಷ್ ನಾಲ್ಕು ಅಂಗಡಿ ಸುತ್ತಿಸುತ್ತದೆ. ಇಲ್ಲಿ ನಿಯಮ ಹುಡುಕಿ ಫಲವಿಲ್ಲ, ಬಾಯಿಪಾಠವೇ ಗತಿ. ಬಾಯಿಪಾಠವನ್ನು ಹಳಿಯುವವರು ಗೋ, ವೆಂಟ್, ಗಾನ್ ಎಂಬ ಮೂರುರೂಪಗಳ ತಾಳಬದ್ಧ ಪಠಣವನ್ನು ಒಮ್ಮೆ ಕೇಳಬೇಕು. ಕೊಡು ಎಂಬುದು ಕೊಟ್ಟ, ನಗು ಎಂಬುದು ನಕ್ಕ, ನಿಲ್ಲು ಎಂಬುದು ನಿಂತ ಆಗುವುದನ್ನು ನಾವೂ ಯಾವ ಸೂತ್ರದಿಂದಲೂ ಕಲಿತವರಲ್ಲ.

ರೂಪಗಳು ಬಂದ ಮೇಲೆ ಜಾಗ ಗುರುತಿಸುವುದು. ಸಕ್ಸೀಡ್, ಸಕ್ಸೆಸ್, ಸಕ್ಸೆಸ್‌ಫುಲ್, ಸಕ್ಸೆಸ್‌ಫುಲ್ಲಿ ಎಂಬ ನಾಲ್ಕನ್ನು ಕೊಟ್ಟು ಬಿಟ್ಟ ಸ್ಥಳ ತುಂಬಿಸುವಾಗ ಒಳ್ಳೆಯ ಮೇಷ್ಟ್ರು ಅರ್ಥ ಕೇಳುವುದೇ ಇಲ್ಲ. ಖಾಲಿ ಜಾಗದ ಹಿಂದೆ ದಿ ಇದೆಯಾ? ವೆರಿ ಇದೆಯಾ? ಹೀ ಎಂಬುದರ ಬೆನ್ನಿಗೇ ಇದೆಯಾ? ಅಕ್ಕಪಕ್ಕ ನೋಡಿಯೇ ಯಾವುದು ಕೂರಬೇಕೆಂದು ಹೇಳಬೇಕು.

ಪದರೂಪ ಬದಲಾದಂತೆ ಒತ್ತೂ ಜಾಗ ಬದಲಿಸುವುದು ಇಂಗ್ಲಿಷಿನ ದೊಡ್ಡ ತುಂಟತನ. ಊರಿನ ಸ್ಟುಡಿಯೋದ ಬೋರ್ಡನ್ನೇ ತೆಗೆದುಕೊಳ್ಳಿ. ಫೋಟಗ್ರಾಫ್ ಎಂಬಲ್ಲಿ ಮೊದಲ ತುಂಡಿಗೆ ಒತ್ತು, ಫಟಾಗ್ರಫರ್ ಎಂಬಲ್ಲಿ ಎರಡನೆಯದಕ್ಕೆ, ಫೋಟಗ್ರಾಫಿಕ್ ಎಂಬಲ್ಲಿ ಮೂರನೆಯದಕ್ಕೆ. ಒತ್ತು ತಪ್ಪಿದ ಸ್ವರಗಳು ಸೊರಗಿ ಅಕಾರಕ್ಕೆ ಇಳಿಯುತ್ತವೆ. ಹಾಜರಿ ಕೂಗಿದಾಗ ಎಲ್ಲರೂ ಹೇಳುವ ಪ್ರೆಸೆಂಟ್ ಸರ್ ಎಂಬುದರಲ್ಲಿ ಒತ್ತು ಮೊದಲಿಗೆ. ಯಾರಿಗಾದರೂ ಏನನ್ನಾದರೂ ಅರ್ಪಿಸುವ ಪ್ರಿಸೆಂಟ್‌ನಲ್ಲಿ ಕೊನೆಗೆ. ಎಲ್ಲ ಅಕ್ಷರಕ್ಕೂ ಸಮನಾದ ಮರ್ಯಾದೆ ಕೊಟ್ಟು ಬೆಳೆದ ನಮ್ಮ ನಾಲಗೆಗೆ ಈ ಪಕ್ಷಪಾತ ಒಗ್ಗುವುದು ನಿಧಾನ. ಷಟ್ಪದಿಗೆ ಲಘು ಗುರು ಹಾಕಿ ಪ್ರಸ್ತಾರ ಮಾಡಿದ ಕೈಗೆ ಪದದ ನೆತ್ತಿಯ ಮೇಲೆ ಗುರುತು ಇಡುವುದಾದರೂ ಗೊತ್ತು. ನಮ್ಮ ಗುರು ಕಾಲದ ಅಳತೆ, ಅವರ ಒತ್ತು ದನಿಯ ಬಲ. ಅಷ್ಟು ಎಚ್ಚರಿಕೆ ಹೇಳಿ ಅದೇ ಗುರುತನ್ನು ಬಳಸಬಹುದು. ತುಂಡುಗಳನ್ನು ಎಣಿಸಲು ಚಪ್ಪಾಳೆ. ಮಿಲ್ಕ್ ಎಂಬುದಕ್ಕೆ ಒಂದೇ ಚಪ್ಪಾಳೆ. ಪದಗಳನ್ನು ಸ್ವರದಲ್ಲೇ ಮುಗಿಸುವ ಕನ್ನಡದ ಬಾಯಿ ಅದನ್ನು ಮಿಲ್ಕು ಮಾಡಿ ಎರಡು ತಟ್ಟುತ್ತದೆ, ಬಸ್ಸು, ಪೆನ್ನು, ಬುಕ್ಕು ಮಾಡಿದ ಹಾಗೆ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ಇಷ್ಟು ತುಂಡಿನ ಪದ ಯಾವುದೆಂದು ಕೇಳುವ ಒಂದಂಕದ ಪ್ರಶ್ನೆ ಹೋಗುವುದು ಈ ಉಕಾರದ ದೆಸೆಯಿಂದ.

ಪರೀಕ್ಷೆಯ ಮಾತು ಬಂತು. ದ್ವಿತೀಯ ಭಾಷೆಯಾದ ಇಂಗ್ಲಿಷಿಗೆ 100 ಅಂಕ, ಅದರಲ್ಲಿ 80 ಬರವಣಿಗೆಗೆ. ಉಚ್ಚಾರಣೆಯನ್ನು ಬರವಣಿಗೆಯ ಪರೀಕ್ಷೆ ಅಳೆಯಲಾರದು, ಹಾಗಾಗಿ ಹತ್ತನೇ ತರಗತಿಯ ಡಿಸೆಂಬರಿನ ಹೊತ್ತಿಗೆ ಗಂಟಲ ಮೇಲಿನ ಬೆರಳು ಮರೆತು ಎಲ್ಲರ ಕೈಗೂ ಪಾಸಿಂಗ್ ಪ್ಯಾಕೇಜ್ ಬರುತ್ತದೆ. ಅದನ್ನು ನಾನು ತೆಗಳಲಾರೆ. ಅಂಚಿನಲ್ಲಿ ನಿಂತ ಮಗುವಿಗೆ ಎಲ್ಲ ವಾಕ್ಯಕ್ಕೂ ಒಂದೇ ‘ಅಲ್ವಾ’ ಸಾಕಾಗುವ ಭಾಷೆಯಿಂದ ಬಂದು ಇಸಂಟ್ ಇಟ್, ಡಸಂಟ್ ಷಿ, ವೋಂಟ್ ಯು ಎಂದು ಬಾಲ ಬದಲಿಸುವುದನ್ನು ಮೂರು ವಾರದಲ್ಲಿ ಕಲಿಯಬೇಕಾಗಿರುತ್ತದೆ. ಆಗ ಸೂತ್ರ ಕೊಟ್ಟು ದಾಟಿಸುವುದೂ ಮೇಷ್ಟ್ರ ಕೆಲಸವೇ. ಸಾಹಸ ಕಾದಂಬರಿಗಳನ್ನೂ ಬರೆದ ರೆನ್, ಮಾರ್ಟಿನ್ ಜೊತೆ ಸೇರಿ ಬರೆದ ಆ ದಪ್ಪ ವ್ಯಾಕರಣ ಪುಸ್ತಕ ವಾಕ್ಯ ಎಂದರೇನು ಎಂಬ ವ್ಯಾಖ್ಯೆಯಿಂದ ಹೊರಡುತ್ತದೆ. ನಮ್ಮ ಮೇಷ್ಟ್ರು ನಿನ್ನೆಯ ನೋಟುಬುಕ್ಕಿನ ತಪ್ಪಿನಿಂದ ಹೊರಡುತ್ತಾರೆ. ಮೇಷ್ಟ್ರುಗಳನ್ನು ಪಳಗಿಸಲು ಬೆಂಗಳೂರಿನಲ್ಲಿ 1963ರಿಂದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ತರಬೇತಿ ಅಲ್ಲಿ ಸಿಗಬಹುದು. ಯಾವ ತಪ್ಪನ್ನು ಇವತ್ತು ಹಿಡಿಯಬೇಕು, ಯಾವುದನ್ನು ಕೇಳಿಯೂ ಕೇಳದಂತೆ ಬಿಡಬೇಕು ಎಂಬ ಅಂದಾಜು ತರಗತಿಯಲ್ಲೇ ಬರುವಂಥದ್ದು. ಮೊದಲ ಸಲ ಧೈರ್ಯ ಮಾಡಿ ಎದ್ದು ನಾಲ್ಕು ವಾಕ್ಯ ಹೇಳುತ್ತಿರುವ ಹುಡುಗಿಯನ್ನು ವಾಕೆಡ್ ಎಂದಳೆಂದು ನಡುವೆ ತಡೆಯಬಾರದು. ಅವಳು ಕೂತ ಮೇಲೆ ಅದೇ ವಾಕ್ಯವನ್ನು ಮೇಷ್ಟ್ರು ತಾವು ಸರಿಯಾಗಿ ಒಮ್ಮೆ ಹೇಳಿದರೆ ಅವಳ ಕಿವಿಗೆ ಬೀಳುತ್ತದೆ.

ಕೊನೆಯದಾಗಿ ಒಂದು ಆಟ, ಪ್ರಶ್ನೆ ಮಾಡುವುದನ್ನು ಕಲಿಸುವಂಥದ್ದು. ಕನ್ನಡದಲ್ಲಿ ಪ್ರಶ್ನೆ ಕೇಳಲು ಪದಗಳು ಎದ್ದು ಓಡಾಡಬೇಕಿಲ್ಲ. ಅವಳು ಆನವಟ್ಟಿಯಲ್ಲಿ ಇರ್ತಾಳೆ, ಅವಳು ಎಲ್ಲಿ ಇರ್ತಾಳೆ. ಇಂಗ್ಲಿಷಿನಲ್ಲಿ ಮೆರವಣಿಗೆಯೇ ಹೊರಡಬೇಕು. ಅದಕ್ಕೆ ಐದು ಮಕ್ಕಳು ರಟ್ಟಿನ ಚೀಟಿ ಹಿಡಿದು ಸಾಲಾಗಿ ನಿಲ್ಲುತ್ತಾರೆ: ಷಿ, ಲಿವ್, ಎಸ್, ಇನ್, ಆನವಟ್ಟಿ. ಲಿವ್ ಮತ್ತು ಎಸ್ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕು. ಆರನೆಯವಳು ವೇರ್ ಚೀಟಿ ಹಿಡಿದು ಓಡಿಬಂದು ಆನವಟ್ಟಿಯ ಬೆನ್ನು ತಟ್ಟಿ, ಅವನನ್ನು ಬೆಂಚಿಗೆ ಕಳಿಸಿ, ಸಾಲಿನ ಮುಂದೆ ನಿಲ್ಲುತ್ತಾಳೆ. ಅವಳ ಪಕ್ಕ ಒಬ್ಬ ಸಹಾಯಕ ಬೇಕು; ಏಳನೆಯವನು ಡು ಚೀಟಿ ಹಿಡಿದು ಬರುತ್ತಾನೆ. ಈಗ ಎಸ್ ಹಿಡಿದ ಮಗು ಲಿವ್‌ನ ಭುಜ ಬಿಟ್ಟು ನಡೆದು ಹೋಗಿ ಡು ಪಕ್ಕ ನಿಂತು ಡಸ್ ಆಗಬೇಕು. ವೇರ್ ಡಸ್ ಷಿ ಲಿವ್? ಎಸ್ ಬಿಟ್ಟು ಹೋದದ್ದನ್ನು ಕಣ್ಣಾರೆ ಕಂಡ ಮಗು ಆಮೇಲೆ ‘ಡಸ್ ಷಿ ಲಿವ್ಸ್’ ಎಂದು ಬರೆಯುವುದು ಕಡಿಮೆ. ಅಷ್ಟರಲ್ಲಿ ಸಾಲಿನ ತುದಿಯಲ್ಲಿ ಇನ್ ಚೀಟಿ ಹಿಡಿದು ಒಬ್ಬನೇ ಉಳಿದ ಹುಡುಗ, ‘ಸರ್, ನಾನು ನಿಂತಿರ್ಲಾ, ಕೂತ್ಕೊಳ್ಲಾ?’ ಎಂದು ಕೇಳುತ್ತಾನೆ. ಅರ್ಧ ತರಗತಿ ಕೂತ್ಕೋ ಎನ್ನುತ್ತದೆ, ಇನ್ನರ್ಧ ನಿಂತ್ಕೋ ಎನ್ನುತ್ತದೆ. ಎಲ್ಲಿ ಎಂಬುದರೊಳಗೆ ಅಲ್ಲಿ ಸೇರಿಕೊಂಡಂತೆ ವೇರ್ ಒಳಗೆ ಇನ್ ಸೇರಿಕೊಂಡಿದೆಯೋ ಇಲ್ಲವೋ ಎಂದು ಜಗಳ ಶುರುವಾಗುತ್ತದೆ, ಅದೂ ಅಪ್ಪಟ ಕನ್ನಡದಲ್ಲಿ.